ಉಪ್ಪಿನಕಾಯಿಗೆ ಗೋಲಿ ಈರುಳ್ಳಿ: ಬೀಜದಿಂದ ಬಾಟಲಿಯವರೆಗೆ

"ಗೋಲಿ ಗಾತ್ರದ ಈರುಳ್ಳಿ ಬೇಕಂದ್ರೆ ಯಾವ ಬೀಜ ಹಾಕಬೇಕು?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಎಲೆ ಸೊಂಪಾಗಿ ಬಂತು, ಕಿತ್ತು ನೋಡಿದರೆ ಕೆಳಗೆ ಗೆಡ್ಡೆಯೇ ಇಲ್ಲ. ಎಲ್ಲಿ ತಪ್ಪಿತು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಹೇಳಿಬಿಡುತ್ತೇನೆ.

ಉಪ್ಪಿನಕಾಯಿ ಈರುಳ್ಳಿ ಅಂತ ಮಾರುವುದರಲ್ಲಿ ಬಹುಪಾಲು ನಾವು ದಿನಾ ಹೆಚ್ಚುವ ಈರುಳ್ಳಿಯೇ. ಒತ್ತೊತ್ತಾಗಿ ಬಿತ್ತಿ, ಗೊಬ್ಬರ ಹಿಡಿತದಲ್ಲಿಟ್ಟು, ದೊಡ್ಡದಾಗಲು ಜಾಗ ಕೊಡದೆ ಬೆಳೆದದ್ದು, ಅಷ್ಟೇ. ತಳಿಗೂ ಬೆಲೆ ಇದೆ. ಆದರೆ ಗೆಡ್ಡೆ ಪುಟ್ಟದಾಗಿ ಉಳಿಯುವುದು ಹೆಚ್ಚಾಗಿ ಇಕ್ಕಟ್ಟಿನಿಂದ. ಬೇರೆ ತರಕಾರಿಗೆ ಮಾಡುವ ಉಪಚಾರವನ್ನೆಲ್ಲ ಇದಕ್ಕೂ ಮಾಡಲು ಹೋದರೆ ಕೆಟ್ಟಿತು. ನಾನು ಮೊದಲ ಸಲ ಬೆಳೆದಾಗ, ಪಾಪ ಇಷ್ಟು ಒತ್ತಾಗಿವೆಯಲ್ಲ ಅಂತ ಅರ್ಧ ಸಸಿ ಕಿತ್ತು ಹಾಕಿದ್ದೆ. ಉಳಿದವು ನಿಂಬೆಹಣ್ಣಿಗಿಂತ ದಪ್ಪ ಬಂದವು. ಒಂದೂ ಬಾಟಲಿಯ ಬಾಯಿಗೆ ಹೋಗಲಿಲ್ಲ.

ಎಷ್ಟು ಬೆಳೆಯಬೇಕು?

ಬಿತ್ತುವ ಮೊದಲು ಸಣ್ಣ ಲೆಕ್ಕ ಹಾಕಿಕೊಳ್ಳಿ. ಉಪ್ಪಿನಕಾಯಿಗೆ ಒಪ್ಪುವ ಗೆಡ್ಡೆ ಎರಡೂವರೆಯಿಂದ ಮೂರು ಸೆಂ.ಮೀ. ಅಗಲ ಇರುತ್ತದೆ. ಒಂದೊಂದೂ ಹೆಚ್ಚುಕಮ್ಮಿ 10 ಗ್ರಾಂ. ಹಾಗಾಗಿ ಕಿಲೋಗೆ ನೂರರ ಆಸುಪಾಸು. ಒಂದು ಲೀಟರ್ ಬಾಟಲಿ ತುಂಬಲು 60ರಿಂದ 70 ಗೆಡ್ಡೆ ಬೇಕು.

ನೆಲದಲ್ಲಿ ಒಂದು ಮೀಟರ್ ಉದ್ದ, ಅಂಗೈ ಅಗಲದ ಒಂದು ಪಟ್ಟಿಯಲ್ಲಿ 150ರಿಂದ 200 ಬೀಜ ಹಿಡಿಯುತ್ತವೆ. ಮೊಳೆಯದ್ದು, ಹುಳ ತಿಂದದ್ದು, ಸೊಟ್ಟಗಾದದ್ದು ಎಲ್ಲ ಕಳೆದರೂ ಒಂದೂವರೆ ಬಾಟಲಿಗೆ ಮೋಸವಿಲ್ಲ. ಒಂದು ಗ್ರಾಂ ಬೀಜದಲ್ಲಿ ಸುಮಾರು 250ರಿಂದ 300 ಬೀಜ ಇರುತ್ತವೆ. ಅಂದರೆ ಮನೆ ಮಟ್ಟಿಗೆ ಒಂದೆರಡು ಗ್ರಾಂ ಸಾಕೋ ಸಾಕು. ದೊಡ್ಡ ಪೊಟ್ಟಣ ತಂದು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಯಾಕೆ ಅಂತ ಎರಡನೇ ಹಂತದಲ್ಲಿ ಹೇಳುತ್ತೇನೆ.

ಬೇಕಾಗುವುದು ಇಷ್ಟೇ: ಬೀಜ, ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ, ಸಡಿಲ ಮಣ್ಣು, ಹಳೆಯದಾಗಿ ಪೂರ್ತಿ ಕಳಿತ ಗೊಬ್ಬರ, ಒಂದಿಷ್ಟು ಒಣ ಮರಳು, ಸಣ್ಣ ತೂತಿನ ನೀರಿನ ಕ್ಯಾನ್. ನೆಲ ಇಲ್ಲದವರಿಗೆ 15ರಿಂದ 20 ಸೆಂ.ಮೀ. ಆಳದ ಅಗಲವಾದ ಟ್ರೇ ಆದರೂ ಆಗುತ್ತದೆ. ಈರುಳ್ಳಿ ಬೇರು ಆಳಕ್ಕೆ ಇಳಿಯುವ ಜಾತಿಯದಲ್ಲ. ಎತ್ತರದ ಕುಂಡ ಇಟ್ಟರೆ ಕೆಳಗಿನ ಮಣ್ಣು ಸುಮ್ನೆ ದಂಡ. ಅಗಲ ಇರಲಿ, ತಳದಲ್ಲಿ ನೀರು ಇಳಿದುಹೋಗಲು ತೂತುಗಳಿರಲಿ.

ಹಂತ 1: ದಿನದ ಉದ್ದ ನೋಡಿ ತಳಿ ಆರಿಸಿ

ಎಲೆ ಬಂದು ಗೆಡ್ಡೆ ಬರಲಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಎಡವಿರುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಈರುಳ್ಳಿ ಗಿಡ ಗೆಡ್ಡೆ ಕಟ್ಟಲು ಶುರುಮಾಡುವುದು ತನಗೆ ವಯಸ್ಸಾಯಿತು ಅಂತ ಅಲ್ಲ. ಹಗಲು ಎಷ್ಟು ಹೊತ್ತು ಇದೆ ಅನ್ನುವುದನ್ನು ಅದು ಗಮನಿಸುತ್ತಿರುತ್ತದೆ. ತನ್ನ ತಳಿಗೆ ಬೇಕಾದಷ್ಟು ಗಂಟೆ ಬೆಳಕು ಸಿಗುವವರೆಗೆ ಎಲೆ ಬಿಡುತ್ತಲೇ ಹೋಗುತ್ತದೆ. ಆ ಗಡಿ ದಾಟಿತೋ, ಹೊಸ ಎಲೆ ನಿಲ್ಲಿಸಿ ಬುಡದಲ್ಲಿ ಕೂಡಿಡಲು ತೊಡಗುತ್ತದೆ. ಈ ಲೆಕ್ಕದಲ್ಲಿ ತಳಿಗಳು ಮೂರು ಬಗೆ. ಕಿರುಹಗಲಿನ ತಳಿಗೆ 11–12 ಗಂಟೆ ಹಗಲು ಸಾಕು. ನಡುಹಗಲಿನ ತಳಿಗೆ 12–14 ಗಂಟೆ ಬೇಕು. ದೀರ್ಘಹಗಲಿನ ತಳಿಗೆ 14 ಗಂಟೆಗಿಂತ ಜಾಸ್ತಿ. ಬೀಜದ ಪೊಟ್ಟಣದ ಮೇಲೆ ಇದನ್ನೇ ಶಾರ್ಟ್ ಡೇ, ಇಂಟರ್‌ಮೀಡಿಯೆಟ್, ಲಾಂಗ್ ಡೇ ಅಂತ ಬರೆದಿರುತ್ತಾರೆ.

ಸಮಭಾಜಕ ವೃತ್ತದ ಹತ್ತಿರ ಇರುವವರಿಗೆ ವರ್ಷವಿಡೀ ಹಗಲು 12 ಗಂಟೆಯ ಆಚೀಚೆ ಅಷ್ಟೇ. ಅಲ್ಲಿ ದೀರ್ಘಹಗಲಿನ ತಳಿ ಬಿತ್ತಿದರೆ ವರ್ಷಪೂರ್ತಿ ಈರುಳ್ಳಿ ಸೊಪ್ಪು ತಿನ್ನಬಹುದು, ಗೆಡ್ಡೆಯ ಆಸೆ ಬಿಡಬೇಕು. ಬೇಸಿಗೆಯ ಹಗಲು ತುಂಬಾ ಉದ್ದ ಇರುವ ದೂರದ ನಾಡುಗಳಲ್ಲಿ ಕಿರುಹಗಲಿನ ತಳಿ ಹಾಕಿದರೆ ಇನ್ನೊಂದು ತಮಾಷೆ. ಸಸಿ ಎರಡು ಮೂರು ಎಲೆ ಬಿಡುವಷ್ಟರಲ್ಲೇ ಗೆಡ್ಡೆ ಕಟ್ಟಲು ಶುರುಮಾಡಿ ಬಟಾಣಿ ಗಾತ್ರಕ್ಕೇ ನಿಂತುಬಿಡುತ್ತದೆ. ನಿಮ್ಮ ಊರಲ್ಲಿ ಹಗಲು ಎಷ್ಟು ಉದ್ದ ಅಂತ ತಿಳಿಯಲು ಕಷ್ಟಪಡಬೇಕಿಲ್ಲ. ಫೋನಿನಲ್ಲಿ ಸೂರ್ಯೋದಯ, ಸೂರ್ಯಾಸ್ತದ ಸಮಯ ಸಿಗುತ್ತದೆ. ಕಳೆದು ನೋಡಿ.

ನಮ್ಮ ಕೆಲಸಕ್ಕೆ ಬರುವ ಇನ್ನೊಂದು ಗುಟ್ಟು ಇದರಲ್ಲಿದೆ. ಈರುಳ್ಳಿ ಅಡ್ಡ ಹೆಚ್ಚಿದಾಗ ಕಾಣುವ ಉಂಗುರಗಳು ಎಲೆಗಳ ಬುಡವೇ. ಗೆಡ್ಡೆ ಕಟ್ಟುವ ಹೊತ್ತಿಗೆ ಗಿಡದಲ್ಲಿ ಎಲೆ ಕಡಿಮೆ ಇದ್ದರೆ ಗೆಡ್ಡೆ ಚಿಕ್ಕದು, ಜಾಸ್ತಿ ಇದ್ದರೆ ದೊಡ್ಡದು. ದೊಡ್ಡ ಈರುಳ್ಳಿ ಬೇಕಾದವರು ಬೇಗ ಬಿತ್ತಿ ಎಲೆಗೆ ಕಾಲಾವಕಾಶ ಕೊಡುತ್ತಾರೆ. ನಾವು ಅದಕ್ಕೆ ಉಲ್ಟಾ, ತುಸು ತಡಮಾಡಿ ಬಿತ್ತಬೇಕು. ತಳಿಗೆ ಬೇಕಾದ ಹಗಲು ಬರಲು ಆರರಿಂದ ಎಂಟು ವಾರ ಇರುವಾಗ ಬೀಜ ಮಣ್ಣಿಗೆ ಬಿದ್ದರೆ ಒಳ್ಳೆಯದು. ಹಗಲಿನ ಉದ್ದ ಅಷ್ಟೇನೂ ಬದಲಾಗದ ಕಡೆ ಮಳೆಗಾಲ ಮುಗಿದು ಒಣ ಹವೆ ಶುರುವಾಗುವ ಹೊತ್ತು ಹಿಡಿಯಿರಿ. ಕೊಯ್ಲಿನ ಸಮಯಕ್ಕೆ ಮಳೆ ಬಾರದಿರುವುದು ಮುಖ್ಯ.

ತಳಿಯ ಹೆಸರು ಬೇಕು ಅನ್ನುವವರಿಗೆ: ಬಿಳಿಯದರಲ್ಲಿ ಪ್ಯಾರಿಸ್ ಸಿಲ್ವರ್‌ಸ್ಕಿನ್, ಬಾರ್ಲೆಟ್ಟಾ ಹಳೆಯ ಹೆಸರುವಾಸಿಗಳು. ಕ್ರಿಸ್ಟಲ್ ವ್ಯಾಕ್ಸ್ ಕಿರುಹಗಲಿನದು, ಬಿಸಿ ನಾಡಿನವರಿಗೆ ಒಗ್ಗುತ್ತದೆ. ಬೊರೆಟಾನಾ ಚಪ್ಪಟೆಯಾಗಿ ಬಿಲ್ಲೆಯಂತೆ ಬರುತ್ತದೆ. ಇವು ಸಿಗದಿದ್ದರೆ ನಿಮ್ಮ ಹಗಲಿಗೆ ಹೊಂದುವ ಯಾವುದೇ ಸಾಮಾನ್ಯ ಈರುಳ್ಳಿ ಬೀಜ ತನ್ನಿ. ಇಕ್ಕಟ್ಟಾಗಿ ಬಿತ್ತಿದರೆ ಅದೂ ಪುಟ್ಟದಾಗಿಯೇ ಬರುತ್ತದೆ. ಬಿಳಿಯದು ಬಾಟಲಿಯಲ್ಲಿ ಮುತ್ತಿನಂತೆ ಕಾಣುತ್ತದೆ. ಕೆಂಪು ತನ್ನ ಬಣ್ಣವನ್ನು ವಿನೆಗರಿಗೆ ಬಿಟ್ಟುಕೊಟ್ಟು ತಾನು ತೆಳು ಗುಲಾಬಿಯಾಗುತ್ತದೆ. ರುಚಿಗೆ ಅಡ್ಡಿಯಿಲ್ಲ.

ಪರ್ಲ್ ಆನಿಯನ್ ಅನ್ನುವ ಹೆಸರು ಗೊಂದಲ ಮಾಡುತ್ತದೆ. ಅಸಲಿ ಪರ್ಲ್ ಆನಿಯನ್ ಬೇರೆಯೇ ಗಿಡ, ಲೀಕ್ ಸೊಪ್ಪಿನ ಹತ್ತಿರದ ನೆಂಟ. ಅದನ್ನು ಕತ್ತರಿಸಿದರೆ ಉಂಗುರಗಳಿರುವುದಿಲ್ಲ, ಬೆಳ್ಳುಳ್ಳಿ ಎಸಳಿನ ಹಾಗೆ ಒಂದೇ ಗಟ್ಟಿ ತಿರುಳು. ಬೀಜ ತರುವಾಗ ಅದರ ಹಿಂದೆ ಬೀಳಬೇಕಾದ್ದಿಲ್ಲ.

ಹಂತ 2: ಬೀಜಕ್ಕೆ ಜೀವ ಇದೆಯೇ?

ತರಕಾರಿ ಬೀಜಗಳಲ್ಲಿ ಬೇಗ ಸಾಯುವುದು ಈರುಳ್ಳಿಯದು. ಒಂದು ವರ್ಷದ ಮೇಲೆ ನಂಬಿಕೆ ಕಡಿಮೆ, ಎರಡು ವರ್ಷ ದಾಟಿದರೆ ಅದೃಷ್ಟದ ಮಾತು. ಬಿಸಿ, ತೇವ ಇರುವ ಕಡೆ ಇಟ್ಟಿದ್ದರಂತೂ ಇನ್ನೂ ಬೇಗ.

20 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯೊಳಗೆ ಹಾಕಿ, ಬೆಚ್ಚಗಿರುವ ಕಡೆ ಇಡಿ. ಬಟ್ಟೆ ಒಣಗದಿರಲಿ. ಹತ್ತು ದಿನದಲ್ಲಿ 16ಕ್ಕಿಂತ ಹೆಚ್ಚು ಮೊಳೆತರೆ ಬೀಜ ಗಟ್ಟಿ. ಹತ್ತರ ಸುಮಾರು ಮೊಳೆತರೆ ದುಪ್ಪಟ್ಟು ಬೀಜ ಹಾಕಿ. ಐದಾರು ಮಾತ್ರ ಅಂದರೆ ಬೇರೆ ಬೀಜ ತನ್ನಿ. ಈ ಹತ್ತು ದಿನ ಉಳಿಸಲು ಹೋಗಿ ಒಂದು ತಿಂಗಳು ಕಳೆದುಕೊಂಡವರನ್ನು ನೋಡಿದ್ದೇನೆ.

ಬೀಜ ಬಿಟ್ಟು ಪುಟ್ಟ ಗೆಡ್ಡೆಗಳನ್ನೇ ನೆಟ್ಟರೆ ಆಗದೇ ಅಂತ ಕೇಳುತ್ತಾರೆ. ನೆಟ್ಟ ಗೆಡ್ಡೆ ಬೇಗ ದಪ್ಪವಾಗುತ್ತದೆ, ಇಲ್ಲವೇ ಹೂದಂಡು ಎತ್ತುತ್ತದೆ. ಎರಡೂ ನಮಗೆ ಬೇಡ.

ಹಂತ 3: ಮಣ್ಣು

ಕಲ್ಲು, ಹೆಂಟೆ ಇಲ್ಲದ, ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರುವ ಮಣ್ಣು ಬೇಕು. ಹುಳಿ ಮಣ್ಣು ಈರುಳ್ಳಿಗೆ ಆಗುವುದಿಲ್ಲ. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 6ರಿಂದ 7ರ ನಡುವೆ ಇರಲಿ. ಟ್ರೇಗೆ ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ಮರಳು ಬೆರೆಸಿದರೆ ಸರಿ.

ನೆಲದಲ್ಲಾದರೆ ಬಿತ್ತನೆಗೆ ಎರಡು ಮೂರು ವಾರ ಮೊದಲೇ ಪಾತಿ ಮಾಡಿ ನೀರು ಹಾಕಿ ಬಿಡಿ. ಮಣ್ಣಿನಲ್ಲಿ ಅಡಗಿರುವ ಕಳೆ ಬೀಜ ಮೊಳೆಯುತ್ತದೆ. ಅದನ್ನು ಮೇಲಿಂದ ಮೇಲೆ ಕೆರೆದು ತೆಗೆಯಿರಿ, ಆಳಕ್ಕೆ ಅಗೆಯಬೇಡಿ. ಆಮೇಲೆ ಬಿತ್ತಿ. ಈ ಒಂದು ಕೆಲಸ ಮುಂದೆ ನಿಮ್ಮ ಸೊಂಟ ಉಳಿಸುತ್ತದೆ.

ಹಸಿ ಗೊಬ್ಬರ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಈರುಳ್ಳಿ ನೊಣವನ್ನು ಕರೆಯುತ್ತದೆ, ಬೇರನ್ನೂ ಸುಡುತ್ತದೆ. ಕಳೆದ ಮೂರ್ನಾಲ್ಕು ವರ್ಷದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೆಳೆದ ಜಾಗವನ್ನೂ ತಪ್ಪಿಸಿ.

ಹಂತ 4: ಬಿತ್ತನೆ

ಸಸಿ ಮಾಡಿ ಕಿತ್ತು ನೆಡುವುದು ಬೇಡ. ನೇರವಾಗಿ ಬೆಳೆಯುವ ಜಾಗದಲ್ಲೇ ಬಿತ್ತಿ.

ಒಂಟಿ ಗೆರೆ ಎಳೆಯುವ ಬದಲು ಅಂಗೈ ಅಗಲದ, ಅಂದರೆ ಸುಮಾರು 10 ಸೆಂ.ಮೀ. ಅಗಲದ ಪಟ್ಟಿಯನ್ನು ಒಂದು ಸೆಂ.ಮೀ. ಆಳಕ್ಕೆ ಸಮತಟ್ಟಾಗಿ ಕೆರೆಯಿರಿ. ಪಟ್ಟಿಯಿಂದ ಪಟ್ಟಿಗೆ 25 ಸೆಂ.ಮೀ. ಬಿಡಿ. ಕೈ ಆಡಿಸಲು, ಕಳೆ ಕೀಳಲು ಅಷ್ಟು ಜಾಗ ಬೇಕು. ಪಟ್ಟಿಯೊಳಗೆ ಬೀಜದಿಂದ ಬೀಜಕ್ಕೆ ಎರಡರಿಂದ ಎರಡೂವರೆ ಸೆಂ.ಮೀ. ಅಂತರ. ಅಳತೆಪಟ್ಟಿ ಹಿಡಿಯಬೇಕಿಲ್ಲ. ಬೀಜ ಕಪ್ಪಗೆ, ಮೂಲೆ ಮೂಲೆಯಾಗಿ, ಮಣ್ಣಿನಲ್ಲಿ ಕಾಣದಷ್ಟು ಚಿಕ್ಕದು. ಒಂದು ಗ್ರಾಂ ಬೀಜಕ್ಕೆ ಎರಡು ಮುಷ್ಟಿ ಒಣ ಮರಳು ಬೆರೆಸಿ ಉದುರಿಸಿದರೆ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಅಂತ ಮರಳೇ ತೋರಿಸುತ್ತದೆ. ಒಂದು ಗ್ರಾಂ ಸುಮಾರು ಒಂದೂವರೆ ಮೀಟರ್ ಪಟ್ಟಿಗೆ ಬರುತ್ತದೆ. ಟ್ರೇಯಲ್ಲಿ ಪಟ್ಟಿ ಬೇಡ, ಇಡೀ ಮೈಗೆ ಉದುರಿಸಿ.

ಮೇಲೆ ಒಂದು ಸೆಂ.ಮೀ. ಮಣ್ಣು ಮುಚ್ಚಿ, ಹಲಗೆಯಿಂದ ಮೆಲ್ಲಗೆ ಒತ್ತಿ, ಸಣ್ಣ ತೂತಿನ ಕ್ಯಾನಿನಲ್ಲಿ ನೀರು ಕೊಡಿ. ಆಮೇಲೆ ಒದ್ದೆ ಗೋಣಿ ಅಥವಾ ಬಟ್ಟೆ ಮುಚ್ಚಿಡಬಹುದು. ಆದರೆ ಮೊದಲ ಮೊಳಕೆ ಕಂಡ ದಿನವೇ ಅದನ್ನು ತೆಗೆದುಬಿಡಿ. ಒಂದು ದಿನ ಮರೆತರೂ ಮೊಳಕೆ ಬಟ್ಟೆಯ ನೂಲಿಗೆ ಹೆಣೆದುಕೊಂಡು, ಎತ್ತುವಾಗ ಕಿತ್ತು ಬರುತ್ತದೆ.

ಹಂತ 5: ಮೊದಲ ನಲವತ್ತು ದಿನ

ಹವೆ 20–25 ಡಿಗ್ರಿ ಇದ್ದರೆ ಏಳರಿಂದ ಹತ್ತು ದಿನಕ್ಕೆ ಮೊಳಕೆ ಬರುತ್ತದೆ. ಚಳಿ ಇದ್ದರೆ ಎರಡು ವಾರ ಮೀರಬಹುದು. ಮೊಳಕೆ ಬರುವ ರೀತಿಯೇ ನೋಡಲು ಚೆಂದ. ನೆಟ್ಟಗೆ ಬರುವುದಿಲ್ಲ. ಹಸಿರು ದಾರವನ್ನು ಮಡಿಸಿ ಮಂಡಿ ಮೇಲೆತ್ತಿದ ಹಾಗೆ ಮೊದಲು ಬಾಗಿದ ಭಾಗ ಹೊರಬರುತ್ತದೆ. ಎರಡು ಮೂರು ದಿನಕ್ಕೆ ಒಂದು ತುದಿ ಮಣ್ಣಿನಿಂದ ಬಿಡಿಸಿಕೊಂಡು ಮೇಲೇಳುತ್ತದೆ. ಆ ತುದಿಯಲ್ಲಿ ಕಪ್ಪು ಬೀಜದ ಸಿಪ್ಪೆ ಟೋಪಿಯಂತೆ ಕೂತಿರುತ್ತದೆ. ಅದನ್ನು ಕೈಯಿಂದ ಕೀಳಬೇಡಿ, ತಾನೇ ಬೀಳುತ್ತದೆ.

ಈ ಮಡಿಸಿದ ದಾರಕ್ಕೆ ಬಲ ಕಡಿಮೆ. ಮಣ್ಣಿನ ಮೇಲ್ಪದರ ಒಣಗಿ ಹಪ್ಪಳದ ಹಾಗೆ ಗಟ್ಟಿಯಾದರೆ ಅದನ್ನು ಒಡೆದು ಬರಲು ಆಗುವುದಿಲ್ಲ. ಹಾಗಾಗಿ ಮೊಳಕೆ ಬರುವವರೆಗೆ ದಿನಕ್ಕೆರಡು ಸಲ ಹನಿ ಹನಿಯಾಗಿ ನೀರು ಚಿಮುಕಿಸಿ. ಪೈಪ್ ಹಿಡಿದು ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ.

ಇನ್ನು ಕಳೆ. ನನ್ನ ಲೆಕ್ಕದಲ್ಲಿ ಈರುಳ್ಳಿ ಬೆಳೆಯಲ್ಲಿ ನಿಜವಾದ ದುಡಿಮೆ ಅಂದರೆ ಇದೊಂದೇ. ಬೇರೆ ಗಿಡಗಳು ಎಲೆ ಹರಡಿ ನೆಲಕ್ಕೆ ನೆರಳು ಮಾಡಿ ಕಳೆಯನ್ನು ತಾವೇ ಅಮುಕುತ್ತವೆ. ಈರುಳ್ಳಿಯ ಎಲೆ ಕಡ್ಡಿಯಂತೆ ಮೇಲಕ್ಕೆ ಹೋಗುತ್ತದೆ. ನೆರಳೇ ಇಲ್ಲ. ಕಳೆಗೆ ಇದಕ್ಕಿಂತ ಸುಖದ ಜಾಗ ಬೇಕೇ? ಸಸಿ ಬೆರಳುದ್ದ ಆಗುವಷ್ಟರಲ್ಲಿ ಕಳೆ ಮೊಣಕೈ ಉದ್ದ ಬೆಳೆದಿರುತ್ತದೆ. ಅದನ್ನು ಆಗ ಕಿತ್ತರೆ ಅಕ್ಕಪಕ್ಕದ ನಾಲ್ಕು ಈರುಳ್ಳಿ ಸಸಿಯೂ ಬೇರು ಸಮೇತ ಎದ್ದು ಬರುತ್ತವೆ.

ಆದ್ದರಿಂದ ಕಳೆ ಎರಡೆಲೆ ಇರುವಾಗಲೇ ಕೂತು ಕೀಳಿ. ವಾರಕ್ಕೊಂದು ಸಲ, ಆರು ವಾರ. ಪಟ್ಟಿಯ ನಡುವಿನ ಜಾಗಕ್ಕೆ ಚಿಕ್ಕ ಕುರ್ಜಿಗೆ ಓಡಿಸಬಹುದು, ಪಟ್ಟಿಯೊಳಗೆ ಬೆರಳೇ ಗತಿ. ಹುಲ್ಲಿನ ಮೊಳಕೆ ಮತ್ತು ಈರುಳ್ಳಿ ಮೊಳಕೆ ಮೊದಲ ವಾರ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅನುಮಾನ ಬಂದರೆ ಒಂದನ್ನು ಕಿತ್ತು ಬೆರಳಲ್ಲಿ ಹೊಸಕಿ ಮೂಸಿ ನೋಡಿ. ಈರುಳ್ಳಿಯಾದರೆ ಮೂಗೇ ಹೇಳುತ್ತದೆ. ಹುಲ್ಲಿನ ಎಲೆ ಚಪ್ಪಟೆ, ಈರುಳ್ಳಿಯದು ದುಂಡಗೆ. ಕಳೆ ಕಿತ್ತ ಮೇಲೆ ಒಮ್ಮೆ ನೀರು ಚಿಮುಕಿಸಿ, ಅಲುಗಾಡಿದ ಬೇರು ಮತ್ತೆ ಕೂರುತ್ತದೆ.

ಎಚ್ಚರಿಕೆ: ಈ ಹೊತ್ತಿಗೆ ಸಸಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುವುದು ನೋಡಿ ಕೈ ತುರಿಸುತ್ತದೆ. ಒಂದಷ್ಟು ಕಿತ್ತು ಬಿಡಿಬಿಡಿ ಮಾಡೋಣ ಅನ್ನಿಸುತ್ತದೆ. ಬೇಡ. ಇಕ್ಕಟ್ಟು ನೀವೇ ಬೇಕಂತ ಮಾಡಿದ್ದು. ಒಂದರ ಎಲೆಯ ನೆರಳು ಇನ್ನೊಂದಕ್ಕೆ ಬಿದ್ದಾಗ ಗೆಡ್ಡೆ ಕಟ್ಟುವುದೂ ಸ್ವಲ್ಪ ಬೇಗ ಶುರುವಾಗುತ್ತದೆ. ಬೀಜ ಉಂಡೆಯಾಗಿ ಬಿದ್ದು ಒಂದೇ ಕಡೆ ಹತ್ತಿಪ್ಪತ್ತು ಸಸಿ ಗುಂಪಾಗಿದ್ದರೆ ಮಾತ್ರ ಅರ್ಧ ತೆಗೆಯಿರಿ.

ಹಂತ 6: ನೀರು, ಗೊಬ್ಬರ

ಈರುಳ್ಳಿ ಬೇರಿಗೆ ಕವಲು ಕಡಿಮೆ. ಬಿಳಿ ದಾರದ ಹಾಗೆ ನೇರ ಇಳಿದು ಮೇಲಿನ ಒಂದು ಗೇಣು ಮಣ್ಣಿನಲ್ಲೇ ನೀರು ಹುಡುಕುತ್ತದೆ. ಆ ಗೇಣು ಒಣಗಿದರೆ ಗಿಡ ನಿಂತಲ್ಲೇ ನಿಲ್ಲುತ್ತದೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತುದಿಗೆ ತಂಪು ತಾಗದಿದ್ದರೆ ನೀರು ಹಾಕಿ. ಟ್ರೇ ಬಿಸಿಲಲ್ಲಿದ್ದರೆ ದಿನಾ ಬೇಕಾಗಬಹುದು, ನೆಲಕ್ಕೆ ವಾರಕ್ಕೆ ಎರಡು ಸಲ. ಬೆಳಿಗ್ಗೆ ಹಾಕಿ. ಸಂಜೆ ಹಾಕಿದ ನೀರು ರಾತ್ರಿಯಿಡೀ ಎಲೆಯ ಮೇಲೆ ಕೂತು ಬೂಸಲು ರೋಗಕ್ಕೆ ದಾರಿಯಾಗುತ್ತದೆ.

ಗೊಬ್ಬರ? ಪಾತಿಗೆ ಹಾಕಿದ್ದೇ ಸಾಕು. ಸಸಿ ಹಳದಿಯಾಗಿ ಮುದುಡಿದರೆ ಒಂದು ತಿಂಗಳಿಗೆ ಒಮ್ಮೆ ತಿಳಿಯಾದ ಗೊಬ್ಬರದ ನೀರು ಕೊಡಿ, ಅಷ್ಟೇ. ಸಾರಜನಕ ಹೆಚ್ಚಿರುವ ಗೊಬ್ಬರ, ಅಂದರೆ ಎಲೆಯನ್ನು ಹಸಿರಾಗಿ ಉಬ್ಬಿಸುವ ಯೂರಿಯಾದಂಥವು, ಕೊಟ್ಟರೆ ಕುತ್ತಿಗೆ ದಪ್ಪವಾಗುತ್ತದೆ. ಕುತ್ತಿಗೆ ಅಂದರೆ ಗೆಡ್ಡೆಯ ಮೇಲೆ ಎಲೆಗಳೆಲ್ಲ ಸೇರುವ ಜಾಗ. ಅದು ಹೆಬ್ಬೆರಳಿನಷ್ಟು ದಪ್ಪ ಆದ ಈರುಳ್ಳಿ ಸರಿಯಾಗಿ ಒಣಗುವುದಿಲ್ಲ, ಒಳಗಿಂದ ಕೊಳೆಯುತ್ತದೆ.

ಗೆಡ್ಡೆ ಉಬ್ಬಿ ಮಣ್ಣಿನಿಂದ ಭುಜ ಹೊರಹಾಕುವುದು ಸಹಜ. ಮಣ್ಣು ಏರಿಸಿ ಮುಚ್ಚಲು ಹೋಗಬೇಡಿ. ಬಿಳಿ ತಳಿ ಮಾತ್ರ ಸುಡುಬಿಸಿಲಿಗೆ ಹಸಿರು ತಿರುಗುತ್ತದೆ. ಅಂಥ ಕಡೆ ಸುತ್ತ ತೆಳ್ಳಗೆ ಒಣ ಹುಲ್ಲು ಉದುರಿಸಬಹುದು.

ಹಂತ 7: ಕಾಟಗಳು

ಎಲ್ಲ ರೋಗದ ಪಟ್ಟಿ ಕೊಟ್ಟು ಹೆದರಿಸುವುದಿಲ್ಲ. ಮನೆಯ ಪಾತಿಯಲ್ಲಿ ಸಾಮಾನ್ಯವಾಗಿ ಕಾಣುವುದು ಇವು.

ಮೊಳಕೆ ಬಂದ ವಾರದಲ್ಲೇ ಬುಡ ನೀರುನೀರಾಗಿ ಸಸಿ ಮಲಗಿದರೆ ಅದು ಸಸಿ ಕೊಳೆ. ನೀರು ಜಾಸ್ತಿಯಾಗಿದೆ, ಗಾಳಿ ಸಾಲದು. ನೀರು ಕಮ್ಮಿ ಮಾಡಿ, ಮಲಗಿದ ಸಸಿಯನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆಯಿರಿ.

ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರು ಎಳೆದ ಹಾಗೆ ಕಂಡರೆ ಥ್ರಿಪ್ಸ್. ಇದು ಎಳ್ಳಿಗಿಂತ ಚಿಕ್ಕ ನುಸಿ, ನಡುವಿನ ಎಳೆಯ ಎಲೆಗಳ ಸಂದಿಯಲ್ಲಿ ಅಡಗಿರುತ್ತದೆ. ಎಲೆ ಬಿಡಿಸಿ ನೋಡಿದರೆ ಓಡಾಡುವುದು ಕಾಣುತ್ತದೆ. ಒಣ ಹವೆಯಲ್ಲಿ ಜಾಸ್ತಿ. ಬೆಳಿಗ್ಗೆ ಆ ಸಂದಿಗೇ ರಭಸವಾಗಿ ನೀರು ಸಿಂಪಡಿಸಿ ತೊಳೆಯಿರಿ. ಬಗ್ಗದಿದ್ದರೆ ಬಿಸಿಲು ಇಳಿದ ಮೇಲೆ ಬೇವಿನ ಎಣ್ಣೆ ಮತ್ತು ಸೋಪು ನೀರು.

ಒಂದೇ ಒಂದು ಗಿಡ ಇದ್ದಕ್ಕಿದ್ದಂತೆ ಹಳದಿಯಾಗಿ ಬಾಡಿದರೆ ಕಿತ್ತು ಬುಡ ನೋಡಿ. ಬಿಳಿ ಹುಳ ಇದ್ದರೆ ಈರುಳ್ಳಿ ನೊಣದ ಮರಿ. ಆ ಗಿಡವನ್ನು ಪೂರ್ತಿ ತೆಗೆದು ದೂರ ಹಾಕಿ, ಉಳಿದ ಪಾತಿಗೆ ಸಣ್ಣ ಕಣ್ಣಿನ ಬಲೆ ಮುಚ್ಚಿ. ಬುಡದಲ್ಲಿ ಹತ್ತಿಯಂಥ ಬಿಳಿ ಬೂಸ್ಟು, ಅದರಲ್ಲಿ ಗಸಗಸೆಯಂಥ ಕಪ್ಪು ಚುಕ್ಕಿ ಕಂಡರೆ ಅದು ಬಿಳಿ ಕೊಳೆ ರೋಗ. ಇದು ಕೆಟ್ಟದ್ದು. ಆ ಚುಕ್ಕಿಗಳು ಮಣ್ಣಿನಲ್ಲಿ ಹತ್ತಾರು ವರ್ಷ ಜೀವ ಹಿಡಿದಿರುತ್ತವೆ. ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಜಾಗದಲ್ಲಿ ಮತ್ತೆ ಈರುಳ್ಳಿ ಜಾತಿ ಬೆಳೆಯುವ ಯೋಚನೆ ಬಿಡಿ.

ಹಂತ 8: ಕೀಳುವುದು, ಆರಿಸುವುದು

ಬಿತ್ತಿ ಮೂರು ತಿಂಗಳ ಸುಮಾರಿಗೆ ಎಲೆಗಳು ಕುತ್ತಿಗೆಯಲ್ಲಿ ಮೆತ್ತಗಾಗಿ ಒಂದೊಂದಾಗಿ ಮಲಗುತ್ತವೆ. ಮೊದಲ ಕೆಲವು ಎಲೆ ಮಲಗಿದ್ದು ಕಂಡ ಕೂಡಲೇ ನೀರು ನಿಲ್ಲಿಸಿ. ಪಾಪ ಬಾಡುತ್ತಿದೆ ಅಂತ ಇನ್ನೊಂದು ಬಾರಿ ನೀರು ಹಾಕುವವರೇ ಜಾಸ್ತಿ. ಹಾಗೆ ಮಾಡಿದರೆ ಮುಗಿಯಬೇಕಿದ್ದ ಗಿಡ ಮತ್ತೆ ಬೇರು ಬಿಟ್ಟು, ಸಿಪ್ಪೆ ಸೀಳಿ, ಗೆಡ್ಡೆ ಹಾಳು. ಅರ್ಧಕ್ಕಿಂತ ಹೆಚ್ಚು ಗಿಡ ಮಲಗಿದ ಮೇಲೆ ಒಣ ದಿನ ನೋಡಿ ಕೀಳಿ. ಮಲಗದ ಎಲೆಗಳನ್ನು ಕಾಲಿಂದ ತುಳಿದು ಮಲಗಿಸುವ ರೂಢಿ ಇದೆ. ನಾನು ಒಪ್ಪುವುದಿಲ್ಲ. ಮುರಿದ ಕುತ್ತಿಗೆಯಿಂದ ಕೊಳೆ ಒಳಗಿಳಿಯುತ್ತದೆ.

ಗಾತ್ರ ಸಾಕು, ಎಲೆ ಇನ್ನೂ ಹಸಿರಾಗಿದೆ ಅನ್ನುವಾಗಲೂ ಕೀಳಬಹುದು. ಅವನ್ನು ಅದೇ ವಾರ ಬಾಟಲಿಗೆ ಹಾಕಿಬಿಡಬೇಕು.

ಕಿತ್ತ ಗೆಡ್ಡೆಯನ್ನು ತೊಳೆಯಬೇಡಿ. ಮಣ್ಣು ಕೊಡವಿ, ಎಲೆ ಸಮೇತ, ಗಾಳಿಯಾಡುವ ನೆರಳಿನಲ್ಲಿ ಒಂದೇ ಪದರವಾಗಿ ಹರಡಿ. ಉಪ್ಪಿನಕಾಯಿಗೆ ಒಂದು ವಾರದಿಂದ ಹತ್ತು ದಿನ ಸಾಕು. ಹೊರಸಿಪ್ಪೆ ಕಾಗದದ ಹಾಗೆ ಸರಸರ ಅನ್ನಬೇಕು, ಕುತ್ತಿಗೆ ಹಿಚುಕಿದರೆ ಜಾರಬಾರದು. ಆಮೇಲೆ ಗಾತ್ರ ನೋಡಿ ಬೇರ್ಪಡಿಸಿ. ಒಂದೇ ಬಾಟಲಿಗೆ ಒಂದೇ ಗಾತ್ರ ಹಾಕಿದರೆ ಉಪ್ಪು, ಹುಳಿ ಸಮನಾಗಿ ಹಿಡಿಯುತ್ತದೆ. ಮೆತ್ತಗಿದ್ದದ್ದು, ಗಾಯವಾದದ್ದು, ದಪ್ಪ ಕುತ್ತಿಗೆಯದು ಅಡುಗೆಗೆ ಹೋಗಲಿ.

ಹಂತ 9: ಸಿಪ್ಪೆ ಬಿಡಿಸುವುದು

ಎಪ್ಪತ್ತು ಪುಟ್ಟ ಈರುಳ್ಳಿಯನ್ನು ಒಣಗಿದ ಹಾಗೇ ಸುಲಿಯಲು ಕೂತರೆ ಅರ್ಧದಲ್ಲೇ ಉತ್ಸಾಹ ಇಳಿಯುತ್ತದೆ. ಜಾಲರಿಯಲ್ಲಿ ಹತ್ತು ಹದಿನೈದು ಹಾಕಿ ಕುದಿಯುವ ನೀರಿನಲ್ಲಿ 30 ಸೆಕೆಂಡು ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ. ಅದಕ್ಕಿಂತ ಹೆಚ್ಚು ಹೊತ್ತು ಬಿಸಿನೀರಲ್ಲಿಟ್ಟರೆ ಬೆಂದು, ಕಚ್ಚಿದರೆ ಕರುಮ್ ಅನ್ನುವ ಗುಣ ಹೋಗುತ್ತದೆ.

ಈಗ ಚಾಕು. ಬೇರಿನ ಕಡೆ ಬಿಲ್ಲೆಯಂಥ ಗಟ್ಟಿ ತಳ ಇರುತ್ತದೆ. ಪದರಗಳನ್ನೆಲ್ಲ ಹಿಡಿದಿಟ್ಟಿರುವುದು ಅದೇ. ಬೇರಿನ ಎಳೆ ಹೋಗುವಷ್ಟು, ಉಗುರಿನ ದಪ್ಪ ಮಾತ್ರ ಕೆತ್ತಿ. ತಳ ಪೂರ್ತಿ ಹೋದರೆ ಬಾಟಲಿಯೊಳಗೆ ಈರುಳ್ಳಿ ಪದರ ಪದರವಾಗಿ ಕಳಚಿಕೊಂಡು ತೇಲುತ್ತದೆ. ಮೇಲಿನ ತುದಿಯನ್ನೂ ತೆಳ್ಳಗೆ ಕತ್ತರಿಸಿ ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ಒಳಗಿನ ಜಾರುವ ತೆಳು ಪೊರೆಯನ್ನೂ ತೆಗೆಯಿರಿ.

ಹಂತ 10: ಉಪ್ಪುನೀರು, ಆಮೇಲೆ ವಿನೆಗರ್

ಒಂದು ಲೀಟರ್ ನೀರಿಗೆ 100 ಗ್ರಾಂ ಉಪ್ಪು ಕರಗಿಸಿ, ಕುದಿಸಿ, ಪೂರ್ತಿ ತಣಿಸಿ. ಪುಡಿ ಉಪ್ಪಿನಲ್ಲಿ ಗಂಟಾಗದಿರಲು ಬೆರೆಸಿದ ಪದಾರ್ಥ ನೀರನ್ನು ಕದಡುತ್ತದೆ. ಏನೂ ಬೆರೆಸದ, ಅಯೋಡಿನ್ ಇಲ್ಲದ ಉಪ್ಪು ಸಿಕ್ಕರೆ ಅದು ವಾಸಿ. ಸುಲಿದ ಈರುಳ್ಳಿಯನ್ನು ಇದರಲ್ಲಿ ಒಂದು ದಿನ ಮುಳುಗಿಸಿಡಿ. ತೇಲುತ್ತವೆ, ಮೇಲೊಂದು ತಟ್ಟೆ ಇಟ್ಟು ಒತ್ತಿ. ಉಪ್ಪು ಈರುಳ್ಳಿಯೊಳಗಿನ ನೀರನ್ನು ಎಳೆದು ಹಾಕುತ್ತದೆ. ಈ ಹಂತ ಬಿಟ್ಟರೆ ಆ ನೀರು ಮುಂದೆ ವಿನೆಗರಿಗೆ ಸೇರಿ ಹುಳಿಯನ್ನು ತೆಳುಮಾಡುತ್ತದೆ, ಈರುಳ್ಳಿಯೂ ಮೆತ್ತಗಾಗುತ್ತದೆ.

ಮಾರನೇ ದಿನ ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಆರಿಸಿ. ಗಾಜಿನ ಬಾಟಲಿಯನ್ನು ಹತ್ತು ನಿಮಿಷ ಕುದಿಸಿ ಒಣಗಿಸಿರಬೇಕು. ಒಂದು ಲೀಟರ್ ಬಾಟಲಿಗೆ ಅರ್ಧ ಲೀಟರ್ ವಿನೆಗರ್ ಸಿದ್ಧ ಇಟ್ಟುಕೊಳ್ಳಿ. ಬಾಟಲಿಯ ಚೀಟಿಯಲ್ಲಿ ಆಮ್ಲತೆ, ಅಂದರೆ ಹುಳಿಯ ಪ್ರಮಾಣ, ಶೇ. 5 ಅಥವಾ ಹೆಚ್ಚು ಅಂತ ಇರಲೇಬೇಕು. ಅದಕ್ಕೆ ನೀರು ಬೆರೆಸಬೇಡಿ. ಇಡೀ ಮೆಣಸು, ಸಾಸಿವೆ, ಒಂದೆರಡು ಒಣಮೆಣಸಿನಕಾಯಿ ಹಾಕಿ ಐದು ನಿಮಿಷ ಕುದಿಸಿ ತಣಿಸಿ. ಹುಳಿ ಜಾಸ್ತಿ ಅನ್ನಿಸುವವರು ನೀರಿನ ಬದಲು ಸಕ್ಕರೆ ಹಾಕಲಿ. ಮಸಾಲೆ ಪುಡಿ ಹಾಕಿದರೆ ಕದಡುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯನ್ನು ವಿನೆಗರ್ ತಿನ್ನುತ್ತದೆ, ಸ್ಟೀಲಿನದು ಬಳಸಿ. ತಣ್ಣಗಾದ ವಿನೆಗರ್ ಸುರಿದರೆ ಈರುಳ್ಳಿ ಗರಿಗರಿಯಾಗಿ ಉಳಿಯುತ್ತದೆ. ಎಲ್ಲವೂ ಮುಳುಗಿರಬೇಕು. ಬಾಟಲಿಯನ್ನು ಮೆಲ್ಲಗೆ ತಟ್ಟಿ ಗಾಳಿಗುಳ್ಳೆ ಬಿಡಿಸಿ, ಮುಚ್ಚಿ.

ಇಲ್ಲಿ ಒಂದು ಗಂಭೀರ ಮಾತು. ಬಾಟ್ಯುಲಿಸಂ ಅನ್ನುವ ಪ್ರಾಣಾಪಾಯದ ವಿಷಾಹಾರ ಉಂಟುಮಾಡುವ ಬ್ಯಾಕ್ಟೀರಿಯಾ ಗಾಳಿ ಇಲ್ಲದ, ಹುಳಿ ಕಡಿಮೆ ಇರುವ ಕಡೆ ಬೆಳೆಯುತ್ತದೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ, ಅಂದರೆ ಸಾಕಷ್ಟು ಹುಳಿ ಇದ್ದರೆ, ಬೆಳೆಯುವುದಿಲ್ಲ. ವಾಸನೆ, ಬಣ್ಣ ನೋಡಿ ಅದನ್ನು ಕಂಡುಹಿಡಿಯಲು ಆಗುವುದಿಲ್ಲ. ಆದ್ದರಿಂದ ವಿನೆಗರ್ ತೆಳುಮಾಡುವುದು, ಹುಳಿಯೇ ಇಲ್ಲದೆ ಹಸಿ ಈರುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಎರಡೂ ಬೇಡ. ಇಲ್ಲಿ ಹೇಳಿದ ವಿಧಾನ ಫ್ರಿಜ್ಜಿನಲ್ಲಿ ಇಡುವುದಕ್ಕೆ. ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡಬೇಕಾದರೆ ಮುಚ್ಚಿದ ಬಾಟಲಿಯನ್ನೇ ಕುದಿನೀರಿನಲ್ಲಿ ಇಡುವ, ಪರೀಕ್ಷಿಸಿದ ಪಾಕವಿಧಾನವನ್ನು ಅಳತೆ ತಪ್ಪದೆ ಮಾಡಬೇಕು.

ಮೂರು ವಾರ ಬಿಟ್ಟು ತೆರೆಯಿರಿ. ಅದಕ್ಕೆ ಮೊದಲು ಹೊರಪದರ ಹುಳಿ, ಒಳಗೆ ಹಸಿ ಖಾರ. ಮೂರು ತಿಂಗಳೊಳಗೆ ಮುಗಿಸಿ. ಒಣ ಚಮಚ ಬಳಸಿ.

ಬಿಳಿ ಈರುಳ್ಳಿಯ ಮೇಲೆ ಹಳದಿ ಚುಕ್ಕಿ ಮೂಡಿದರೆ ಗಾಬರಿಯಾಗಬೇಡಿ. ಅದು ಈರುಳ್ಳಿಯಲ್ಲೇ ಇರುವ ಕ್ವೆರ್ಸೆಟಿನ್ ಅನ್ನುವ ಬಣ್ಣ, ತೊಂದರೆ ಇಲ್ಲ. ಮೇಲೆ ಬೂಸ್ಟು ಬಂದರೆ, ಲೋಳೆಯಾದರೆ, ಮುಚ್ಚಳ ಉಬ್ಬಿದರೆ ರುಚಿ ನೋಡಲು ಹೋಗದೆ ಇಡೀ ಬಾಟಲಿ ಎಸೆಯಿರಿ.

ಕೊನೆಗೆ ಒಂದು ಹಿಡಿ ಕಡಲೆಕಾಳಿನ ಗಾತ್ರದವು ಉಳಿಯುತ್ತವೆ, ಸುಲಿಯಲೂ ಆಗದಂಥವು. ಅವನ್ನು ಬಲೆ ಚೀಲದಲ್ಲಿ ಒಣ ಜಾಗದಲ್ಲಿ ತೂಗುಹಾಕಿ. ಮುಂದಿನ ಹಂಗಾಮಿಗೆ ಒಂದೊಂದನ್ನೂ ಗೇಣು ಬಿಟ್ಟು ನೆಟ್ಟರೆ ಅಡುಗೆಗೆ ದೊಡ್ಡ ಈರುಳ್ಳಿ ಬರುತ್ತದೆ. ಎರಡು ಸೆಂ.ಮೀ. ಮೀರಿದ್ದನ್ನು ಮಾತ್ರ ಹಾಗೆ ನೆಡಬೇಡಿ, ಅವು ಹೂದಂಡು ಎತ್ತುವುದೇ ಜಾಸ್ತಿ.